ಕೆಲಸದ ಸ್ಥಳಗಳಲ್ಲಿ ತುರ್ತು ಬೆಳಕಿನ ವ್ಯವಸ್ಥೆಯ ಪರೀಕ್ಷೆ ಮತ್ತು ನಿರ್ವಹಣೆ

ತುರ್ತು ಬೆಳಕಿನ ವ್ಯವಸ್ಥೆ (ರೂಢಿಯಲ್ಲಿ ಎಮರ್ಜೆನ್ಸಿ ಲೈಟಿಂಗ್) ಎಂದರೆ ಕಟ್ಟಡದ ಸಾಮಾನ್ಯ ದೀಪಗಳಿಗೆ ವಿದ್ಯುತ್ ಪೂರೈಕೆ ನಿಂತಾಗ ತಾನಾಗಿಯೇ ಬೆಳಗಿ, ಒಳಗಿರುವವರು ಸುರಕ್ಷಿತವಾಗಿ ಹೊರಬರಲು ನೆರವಾಗುವ ದೀಪಗಳ ವ್ಯವಸ್ಥೆ. ಕಾರ್ಖಾನೆ, ಕಚೇರಿ, ಆಸ್ಪತ್ರೆ, ಮಳಿಗೆ, ಚಿತ್ರಮಂದಿರ ಮೊದಲಾದ ಕೆಲಸದ ಸ್ಥಳಗಳಲ್ಲಿ ಇದು ಅಗ್ನಿಸುರಕ್ಷತೆಯ ಮುಖ್ಯ ಅಂಗವಾಗಿದೆ. ಸಾಮಾನ್ಯ ದೀಪ ಕೆಟ್ಟರೆ ಅದು ಕೂಡಲೇ ಗಮನಕ್ಕೆ ಬರುತ್ತದೆ. ತುರ್ತು ದೀಪದ ದೋಷವಾದರೋ ಅದು ಬೇಕಾದ ಗಳಿಗೆಯವರೆಗೂ ಮರೆಯಾಗಿಯೇ ಉಳಿಯಬಹುದು. ಆದ್ದರಿಂದ ಅದನ್ನು ಅಳವಡಿಸುವಷ್ಟೇ ಮಹತ್ವ ನಿಯತಕಾಲಿಕ ಪರೀಕ್ಷೆಗೂ ನಿರ್ವಹಣೆಗೂ ಇದೆ.

ಹಿನ್ನೆಲೆ

ಬೆಂಕಿ ಅವಘಡಗಳಲ್ಲಿ ಬೆಂಕಿಯಿಂದಲೋ, ಸುರಕ್ಷತಾ ಸಾಧನಗಳು ವಿದ್ಯುತ್ತನ್ನು ಕಡಿತಗೊಳಿಸುವುದರಿಂದಲೋ ದೀಪಗಳು ಆರುವುದುಂಟು. ಕತ್ತಲಲ್ಲಿ ಪರಿಚಿತ ಕಟ್ಟಡವೂ ಅಪರಿಚಿತವಾಗುತ್ತದೆ. ಮೆಟ್ಟಿಲು, ತಿರುವು ಹಾಗೂ ಬಾಗಿಲುಗಳನ್ನು ಗುರುತಿಸುವುದು ಕಷ್ಟವಾಗಿ ನೂಕುನುಗ್ಗಲು ಉಂಟಾಗುತ್ತದೆ. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್‌ನಲ್ಲಿ ಸಂಭವಿಸಿದ ಬೆಂಕಿಯಲ್ಲಿ 492 ಮಂದಿ ಮೃತಪಟ್ಟರು. ಆ ದುರಂತದ ನಂತರ ಸಾರ್ವಜನಿಕ ಕಟ್ಟಡಗಳಲ್ಲಿ ತುರ್ತು ದೀಪ, ನಿರ್ಗಮನ ಫಲಕ ಹಾಗೂ ಹೊರಬಾಗಿಲುಗಳ ಕುರಿತ ನಿಯಮಗಳು ಬಿಗಿಯಾದವು. ಭಾರತದಲ್ಲಿ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಹೊತ್ತಿದ ಬೆಂಕಿಯ ಹೊಗೆ ಸಭಾಂಗಣವನ್ನು ಆವರಿಸಿ 59 ಮಂದಿ ಪ್ರಾಣ ಕಳೆದುಕೊಂಡರು. ಕತ್ತಲಾದ ಬಾಲ್ಕನಿಯಲ್ಲಿ ತುರ್ತು ದೀಪಗಳ ನೆರವು ದೊರೆಯದೇ ಹೋದದ್ದು ನಂತರದ ವಿಚಾರಣೆಯಲ್ಲಿ ಚರ್ಚೆಗೆ ಬಂದ ಲೋಪಗಳಲ್ಲೊಂದು.

ವ್ಯವಸ್ಥೆಯ ವಿಧಗಳು

ವಿದ್ಯುತ್ ಮೂಲದ ಆಧಾರದಲ್ಲಿ ಎರಡು ಮುಖ್ಯ ವಿಧಗಳಿವೆ. ಮೊದಲನೆಯದರಲ್ಲಿ ಪ್ರತಿಯೊಂದು ದೀಪದ ಒಳಗೇ ಬ್ಯಾಟರಿ, ಚಾರ್ಜರ್ ಹಾಗೂ ವಿದ್ಯುತ್ ಹೋದುದನ್ನು ಗುರುತಿಸುವ ಸರ್ಕ್ಯೂಟ್ ಇರುತ್ತವೆ. ಎರಡನೆಯದರಲ್ಲಿ ಒಂದು ಕೋಣೆಯಲ್ಲಿರುವ ಕೇಂದ್ರೀಯ ಬ್ಯಾಟರಿಯಿಂದ ಎಲ್ಲ ತುರ್ತು ದೀಪಗಳಿಗೆ ವಿದ್ಯುತ್ ಹರಿಯುತ್ತದೆ. ಕೇಂದ್ರೀಯ ವ್ಯವಸ್ಥೆಯ ನಿಗಾ ಸುಲಭ. ಆದರೆ ಅದರ ಕೇಬಲ್‌ಗಳು ಬೆಂಕಿಯನ್ನು ತಾಳಿಕೊಳ್ಳುವಂಥವಾಗಿರಬೇಕು. ಬಿಡಿ ಘಟಕಗಳಲ್ಲಿ ಒಂದು ಕೆಟ್ಟರೂ ಉಳಿದವು ಉರಿಯುತ್ತವೆ. ಆದರೆ ಪ್ರತಿ ಘಟಕದ ಬ್ಯಾಟರಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಕಾರ್ಯವಿಧಾನದ ಆಧಾರದಲ್ಲಿ, ಸಾಮಾನ್ಯ ವೇಳೆಯಲ್ಲೂ ಉರಿಯುವ ದೀಪಗಳು ಮತ್ತು ವಿದ್ಯುತ್ ಹೋದಾಗ ಮಾತ್ರ ಬೆಳಗುವ ದೀಪಗಳು ಎಂದು ವಿಂಗಡಿಸಲಾಗುತ್ತದೆ. ಚಿತ್ರಮಂದಿರದಂತಹ ಸ್ಥಳಗಳ ನಿರ್ಗಮನ ಫಲಕಗಳು ಮೊದಲ ಗುಂಪಿಗೆ ಸೇರುತ್ತವೆ.

ಡೀಸೆಲ್ ಜನರೇಟರ್ ಇರುವ ಕಟ್ಟಡಕ್ಕೆ ಪ್ರತ್ಯೇಕ ತುರ್ತು ದೀಪಗಳು ಬೇಕಿಲ್ಲ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಆದರೆ ಜನರೇಟರ್ ಚಾಲನೆಗೊಳ್ಳಲು ಸಮಯ ಹಿಡಿಯುತ್ತದೆ. ಅಲ್ಲದೆ ಮುಖ್ಯ ಪೂರೈಕೆ ಸರಿಯಿದ್ದು ಒಂದು ಮಹಡಿಯ ದೀಪದ ಸರ್ಕ್ಯೂಟ್ ಮಾತ್ರ ಟ್ರಿಪ್ ಆದರೆ ಜನರೇಟರ್ ಚಾಲೂ ಆಗುವುದೇ ಇಲ್ಲ. ಆದ್ದರಿಂದ ಆಯಾ ಪ್ರದೇಶದ ದೀಪದ ಸರ್ಕ್ಯೂಟ್ ವಿಫಲವಾದಾಗಲೂ ಅಲ್ಲಿಯ ತುರ್ತು ದೀಪಗಳು ಬೆಳಗುವಂತೆ ವ್ಯವಸ್ಥೆ ರೂಪಿಸಲಾಗುತ್ತದೆ.

ಬೆಳಕಿನ ಪ್ರಮಾಣ ಮತ್ತು ಅವಧಿ

ಯುರೋಪಿನ ಇಎನ್ 1838 ಮಾನದಂಡದ ಪ್ರಕಾರ, ಎರಡು ಮೀಟರ್‌ವರೆಗೆ ಅಗಲವಿರುವ ನಿರ್ಗಮನ ಮಾರ್ಗದ ಮಧ್ಯರೇಖೆಯಲ್ಲಿ ನೆಲಮಟ್ಟದ ಬೆಳಕು 1 ಲಕ್ಸ್‌ಗಿಂತ ಕಡಿಮೆ ಇರಕೂಡದು. ವಿಶಾಲವಾದ ತೆರೆದ ಸಭಾಂಗಣಗಳಲ್ಲಿ ಈ ಮಿತಿ 0.5 ಲಕ್ಸ್. ತಿರುಗುವ ಯಂತ್ರಗಳಂತಹ ಅಪಾಯಕಾರಿ ಕೆಲಸ ನಡೆಯುವೆಡೆಗಳಲ್ಲಿ ಸಾಮಾನ್ಯ ಬೆಳಕಿನ ಶೇಕಡಾ 10ರಷ್ಟು, ಕನಿಷ್ಠ 15 ಲಕ್ಸ್ ಇರಬೇಕು. ಅದೂ ಅರ್ಧ ಸೆಕೆಂಡಿನೊಳಗೆ ದೊರೆಯಬೇಕು. ನಿರ್ಗಮನ ಮಾರ್ಗದ ದೀಪಗಳು 5 ಸೆಕೆಂಡಿನೊಳಗೆ ಅರ್ಧದಷ್ಟು, 60 ಸೆಕೆಂಡಿನೊಳಗೆ ಪೂರ್ಣ ಬೆಳಕು ನೀಡಬೇಕು.

ಬೆಳಕು ಉಳಿಯಬೇಕಾದ ಅವಧಿ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಇಎನ್ 1838ರಲ್ಲಿ ಕನಿಷ್ಠ ಅವಧಿ 1 ಗಂಟೆ. ಬ್ರಿಟನ್ನಿನಲ್ಲಿ 3 ಗಂಟೆಗಳ ದೀಪಗಳು ಬಹುವಾಗಿ ಬಳಕೆಯಲ್ಲಿವೆ. ಅಮೆರಿಕದ ಎನ್‌ಎಫ್‌ಪಿಎ 101 ಸಂಹಿತೆ 90 ನಿಮಿಷಗಳನ್ನು ನಿಗದಿಪಡಿಸಿದೆ.

ಪರೀಕ್ಷಾ ವಿಧಾನಗಳು

ಯುರೋಪಿನ ಇಎನ್ 50172 ಮತ್ತು ಬ್ರಿಟನ್ನಿನ ಬಿಎಸ್ 5266-1 ದಾಖಲೆಗಳು ಮೂರು ಹಂತದ ಪರೀಕ್ಷೆಯನ್ನು ಸೂಚಿಸುತ್ತವೆ.

• ದೈನಂದಿನ ವೀಕ್ಷಣೆ: ಕೇಂದ್ರೀಯ ಬ್ಯಾಟರಿಯ ಸೂಚಕ ದೀಪಗಳು ಸರಿಯಾದ ಸ್ಥಿತಿಯನ್ನು ತೋರಿಸುತ್ತಿವೆಯೇ ಎಂದು ಕಣ್ಣಿನಿಂದ ನೋಡುವುದು. ಇದಕ್ಕೆ ವಿದ್ಯುತ್ ಕಡಿತಗೊಳಿಸಬೇಕಾಗಿಲ್ಲ.

• ಮಾಸಿಕ ಪರೀಕ್ಷೆ: ಸಾಮಾನ್ಯ ದೀಪಗಳ ಪೂರೈಕೆ ನಿಂತಂತೆ ಮಾಡಿ, ಪ್ರತಿಯೊಂದು ತುರ್ತು ದೀಪವೂ ನಿರ್ಗಮನ ಫಲಕವೂ ಬೆಳಗುತ್ತದೆಯೇ, ಸ್ವಚ್ಛವಾಗಿದೆಯೇ, ಸ್ವಸ್ಥಾನದಲ್ಲಿದೆಯೇ ಎಂದು ಕಟ್ಟಡವನ್ನೆಲ್ಲ ಸುತ್ತಿ ನೋಡುವುದು. ಪರೀಕ್ಷೆಯ ಅವಧಿ ಈ ಸುತ್ತಾಟಕ್ಕೆ ಬೇಕಾದಷ್ಟೇ ಇರುತ್ತದೆ. ಎನ್‌ಎಫ್‌ಪಿಎ 101ರ ಪ್ರಕಾರ ಮಾಸಿಕ ಪರೀಕ್ಷೆ ಕನಿಷ್ಠ 30 ಸೆಕೆಂಡು ನಡೆಯಬೇಕು. ಪೂರೈಕೆ ಮರಳಿದ ಮೇಲೆ ಚಾರ್ಜ್ ಸೂಚಕಗಳು ಮತ್ತೆ ಬೆಳಗಿದುದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

• ವಾರ್ಷಿಕ ಪರೀಕ್ಷೆ: ದೀಪಗಳನ್ನು ಅವುಗಳ ನಿಗದಿತ ಪೂರ್ಣಾವಧಿಯವರೆಗೆ ಬ್ಯಾಟರಿಯಿಂದಲೇ ಉರಿಸುವುದು. 3 ಗಂಟೆಯ ದೀಪವಾದರೆ 3 ಗಂಟೆಯ ಕೊನೆಗೂ ಅದು ಬೆಳಗುತ್ತಿರಬೇಕು.

ಈ ಮೂರರಲ್ಲಿ ಬ್ಯಾಟರಿಯ ನಿಜವಾದ ಶಕ್ತಿಯನ್ನು ತೋರಿಸುವುದು ವಾರ್ಷಿಕ ಪರೀಕ್ಷೆ ಮಾತ್ರ. ದೀಪದ ಮೇಲಿನ ಹಸಿರು ಸೂಚಕವು ಚಾರ್ಜರ್‌ಗೆ ವಿದ್ಯುತ್ ಬರುತ್ತಿದೆ, ಬ್ಯಾಟರಿ ಜೋಡಣೆಯಾಗಿದೆ ಎಂಬುದನ್ನಷ್ಟೇ ಸಾಮಾನ್ಯವಾಗಿ ಹೇಳುತ್ತದೆ. ಶಕ್ತಿ ಕುಂದಿದ ಬ್ಯಾಟರಿಯುಳ್ಳ ದೀಪವೂ ಹಸಿರು ಸೂಚಕವನ್ನು ತೋರಿಸಿ, ಮಾಸಿಕ ಪರೀಕ್ಷೆಯಲ್ಲಿ ಉಜ್ವಲವಾಗಿ ಬೆಳಗಿ, ಹತ್ತು ನಿಮಿಷದಲ್ಲಿ ಆರಿಹೋಗಬಹುದು. ಬಹುಮಹಡಿ ಕಟ್ಟಡವನ್ನು ತೆರವುಗೊಳಿಸಲು ಅಷ್ಟು ಸಮಯ ಸಾಲದೆಂಬುದು ಈ ಪರೀಕ್ಷೆಯ ಹಿಂದಿರುವ ಕಾರಣ.

ಪರೀಕ್ಷೆಯ ವೇಳೆಯ ಮುನ್ನೆಚ್ಚರಿಕೆಗಳು

ಪೂರ್ಣಾವಧಿ ಪರೀಕ್ಷೆಯ ನಂತರ ಬ್ಯಾಟರಿಗಳು ಬರಿದಾಗಿರುತ್ತವೆ. ಮತ್ತೆ ಪೂರ್ಣ ಚಾರ್ಜ್ ಆಗಲು ಸಾಮಾನ್ಯವಾಗಿ 24 ಗಂಟೆ ಬೇಕಾಗುತ್ತದೆ. ಆ ಅವಧಿಯಲ್ಲಿ ವಿದ್ಯುತ್ ಹೋದರೆ ಕಟ್ಟಡಕ್ಕೆ ರಕ್ಷಣೆ ಇರುವುದಿಲ್ಲ. ಹೀಗಾಗಿ ಈ ಪರೀಕ್ಷೆಯನ್ನು ವಾರದ ರಜೆಯ ಮುನ್ನಾದಿನ ಕೆಲಸ ಮುಗಿದ ಬಳಿಕ ನಡೆಸುವುದು ರೂಢಿ. ಹಗಲಿರುಳೂ ಜನರಿರುವ ಆಸ್ಪತ್ರೆಯಂತಹ ಕಟ್ಟಡಗಳಲ್ಲಿ ಒಂದು ಬಿಟ್ಟು ಒಂದು ದೀಪವನ್ನು ಬೇರೆ ಬೇರೆ ದಿನಗಳಲ್ಲಿ ಪರೀಕ್ಷಿಸಲಾಗುತ್ತದೆ.

ಪರೀಕ್ಷೆಗಾಗಿ ಕೀಲಿಯಿಂದ ತಿರುಗಿಸುವ ವಿಶೇಷ ಸ್ವಿಚ್‌ಗಳನ್ನು ಅಳವಡಿಸುವುದು ವಾಡಿಕೆ. ಪರೀಕ್ಷೆ ಮುಗಿದ ಮೇಲೆ ಈ ಸ್ವಿಚ್ಚನ್ನು ಮೊದಲಿನ ಸ್ಥಿತಿಗೆ ಮರಳಿಸುವುದು ಮರೆತರೆ ಬ್ಯಾಟರಿಗಳು ಬರಿದಾಗಿ ಹಾಗೆಯೇ ಉಳಿಯುತ್ತವೆ. ಸ್ವಿಚ್ ಇಲ್ಲದೆಡೆ ಎಂಸಿಬಿಯನ್ನು ಇಳಿಸಿ ಪರೀಕ್ಷಿಸುವಾಗ, ಅದೇ ಸಾಲಿನಲ್ಲಿರುವ ಯಂತ್ರ ಅಥವಾ ಗಣಕಗಳು ಹಠಾತ್ತನೆ ನಿಲ್ಲದಂತೆ ಮೊದಲೇ ತಿಳಿಸಬೇಕಾಗುತ್ತದೆ.

ದೊಡ್ಡ ಕಟ್ಟಡಗಳಲ್ಲಿ ದೀಪಗಳು ತಾವೇ ಪರೀಕ್ಷೆ ನಡೆಸಿಕೊಂಡು ಫಲಿತಾಂಶವನ್ನು ದಾಖಲಿಸುವ ಸ್ವಯಂಚಾಲಿತ ವ್ಯವಸ್ಥೆಗಳೂ ಬಳಕೆಯಲ್ಲಿವೆ. ಐಇಸಿ 62034 ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ. ಫಲಕ ಮರೆಯಾಗಿರುವುದನ್ನಾಗಲಿ, ದೀಪದ ಗಾಜಿಗೆ ದೂಳು ಮುತ್ತಿರುವುದನ್ನಾಗಲಿ ಯಂತ್ರ ಗುರುತಿಸಲಾರದು. ಆದುದರಿಂದ ಕಣ್ಣಿನ ಪರಿಶೀಲನೆ ಇಲ್ಲಿಯೂ ಉಳಿಯುತ್ತದೆ.

ನಿರ್ವಹಣೆ

ವ್ಯವಸ್ಥೆಯಲ್ಲಿ ಬೇಗನೆ ಸವೆಯುವ ಭಾಗವೆಂದರೆ ಬ್ಯಾಟರಿ. ಬಿಡಿ ದೀಪಗಳಿಗೆ ಸಂಬಂಧಿಸಿದ ಐಇಸಿ 60598-2-22 ಮಾನದಂಡವು ಸಾಮಾನ್ಯ ಬಳಕೆಯಲ್ಲಿ ಕನಿಷ್ಠ 4 ವರ್ಷ ಬಾಳುವಂತೆ ಬ್ಯಾಟರಿಯನ್ನು ರೂಪಿಸಿರಬೇಕೆಂದು ಹೇಳುತ್ತದೆ. ಬಾಳಿಕೆಯನ್ನು ಕುಂದಿಸುವ ಮುಖ್ಯ ಕಾರಣ ಶಾಖ. ಸೀಸ-ಆಮ್ಲ ಬ್ಯಾಟರಿಯ ಉಷ್ಣತೆ ನಿಗದಿತ ಮಟ್ಟಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ತಗಡಿನ ಛಾವಣಿಯ ಕಾರ್ಖಾನೆ, ಬಾಯ್ಲರ್ ಕೋಣೆ ಹಾಗೂ ಗಾಳಿಯಾಡದ ಸುಳ್ಳು ಚಾವಣಿಯ ಮೇಲ್ಭಾಗಗಳಲ್ಲಿ ಈ ಪರಿಣಾಮ ತೀವ್ರವಾಗಿರುತ್ತದೆ. ಬ್ಯಾಟರಿ ಬದಲಿಸಿದಾಗ ಅದರ ಮೇಲೆ ಅಳವಡಿಸಿದ ದಿನಾಂಕವನ್ನು ಬರೆಯಲಾಗುತ್ತದೆ. ತೆಗೆದ ಬ್ಯಾಟರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದರಿಂದ ಅವುಗಳನ್ನು ಸಾಮಾನ್ಯ ಕಸದೊಂದಿಗೆ ಬೆರೆಸದೆ ಮರುಬಳಕೆಗೆ ಒಪ್ಪಿಸಬೇಕು.

ಕಟ್ಟಡದ ಒಳವಿನ್ಯಾಸ ಬದಲಾದಾಗಲೂ ವ್ಯವಸ್ಥೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ಹೊಸದಾಗಿ ಎಬ್ಬಿಸಿದ ಅಡ್ಡಗೋಡೆ, ಚಾವಣಿ ಮುಟ್ಟುವ ಸರಕಿನ ರಾಶಿ, ಜಾಹೀರಾತು ಫಲಕ ಮೊದಲಾದವು ಬೆಳಕನ್ನು ತಡೆಯಬಹುದು. ದೀಪವು ಕೆಡದಿದ್ದರೂ ಮಾರ್ಗ ಕತ್ತಲಲ್ಲಿ ಉಳಿಯುತ್ತದೆ. ಮುಚ್ಚಲಾದ ಬಾಗಿಲಿನತ್ತ ಹಳೆಯ ಬಾಣ ತೋರಿಸುತ್ತಿದ್ದರೆ ಅಪಾಯ ಇನ್ನೂ ಹೆಚ್ಚು.

ದಾಖಲೆ

ಪ್ರತಿ ಪರೀಕ್ಷೆಯ ದಿನಾಂಕ, ನಡೆಸಿದವರ ಹೆಸರು, ಕಂಡುಬಂದ ದೋಷ ಮತ್ತು ಅದನ್ನು ಸರಿಪಡಿಸಿದ ದಿನಾಂಕಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಲಾಗುತ್ತದೆ. ಪ್ರತಿ ದೀಪಕ್ಕೂ ಸಂಖ್ಯೆ ನೀಡಿ, ನಕ್ಷೆಯಲ್ಲಿ ಗುರುತಿಸಿದರೆ ಯಾವುದೂ ತಪ್ಪಿಹೋಗುವುದಿಲ್ಲ. ದೋಷ ಬರೆದು ದುರಸ್ತಿಯ ಅಂಕಣವನ್ನು ಖಾಲಿ ಬಿಟ್ಟ ಪುಸ್ತಕವು, ಅವಘಡ ಸಂಭವಿಸಿದಾಗ ಅಪಾಯ ತಿಳಿದೂ ಸುಮ್ಮನಿದ್ದುದಕ್ಕೆ ಸಾಕ್ಷ್ಯವಾಗಬಲ್ಲದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಅಗ್ನಿಸುರಕ್ಷತಾ ಆದೇಶವು ತುರ್ತು ಬೆಳಕನ್ನು ಒದಗಿಸಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಆವರಣದ ಜವಾಬ್ದಾರಿ ಹೊತ್ತವರ ಮೇಲೆ ಹೊರಿಸಿದೆ. ಕೆಲಸದ ಸ್ಥಳಗಳಲ್ಲಿ ಇದು ಸಾಮಾನ್ಯವಾಗಿ ಉದ್ಯೋಗದಾತರು.

ಭಾರತದಲ್ಲಿ

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗವು ಅಗ್ನಿಸುರಕ್ಷತೆಗೆ ಮೀಸಲಾಗಿದ್ದು, ತುರ್ತು ಬೆಳಕು ಸಾಮಾನ್ಯ ದೀಪಗಳ ಪೂರೈಕೆಯಿಂದ ಸ್ವತಂತ್ರವಾದ ಮೂಲದಿಂದ ದೊರೆಯಬೇಕೆಂದು ಹೇಳುತ್ತದೆ. ನಿರ್ಗಮನ ಮಾರ್ಗವನ್ನು ಸ್ಪಷ್ಟವಾಗಿ ತೋರಿಸುವುದು, ಆ ಮಾರ್ಗದುದ್ದಕ್ಕೂ ಸಾಕಷ್ಟು ಬೆಳಕು ನೀಡುವುದು, ಬೆಂಕಿ ಎಚ್ಚರಿಕೆಯ ಗುಂಡಿ ಹಾಗೂ ಬೆಂಕಿ ಆರಿಸುವ ಸಾಧನಗಳು ಕಾಣುವಂತೆ ಮಾಡುವುದು ಇದರ ಉದ್ದೇಶಗಳು. ಸಂಹಿತೆಯು ಸ್ವತಃ ಮಾರ್ಗಸೂಚಿಯ ಸ್ವರೂಪದ್ದು. ರಾಜ್ಯಗಳ ಹಾಗೂ ಸ್ಥಳೀಯ ಸಂಸ್ಥೆಗಳ ಕಟ್ಟಡ ನಿಯಮಗಳ ಮೂಲಕ ಅದಕ್ಕೆ ಕಾನೂನಿನ ಬಲ ಬರುತ್ತದೆ.

ವಿದ್ಯುತ್ ಕಡಿತ ಪದೇ ಪದೇ ಆಗುವ ಪ್ರದೇಶಗಳಲ್ಲಿ ಎರಡು ವಿಶೇಷ ತೊಂದರೆಗಳಿವೆ. ಪ್ರತಿ ಕಡಿತದಲ್ಲೂ ಬ್ಯಾಟರಿ ಸ್ವಲ್ಪ ಖರ್ಚಾಗುವುದರಿಂದ ಅದು ಪೂರ್ಣ ಚಾರ್ಜ್ ಆಗದೆಯೇ ಉಳಿಯಬಹುದು ಮತ್ತು ಬೇಗ ಸವೆಯುತ್ತದೆ. ಇನ್ನೊಂದು, ಕರೆಂಟು ಹೋದಾಗಲೆಲ್ಲ ಕೆಲವು ಕ್ಷಣ ದೀಪಗಳು ಬೆಳಗುವುದನ್ನು ಕಂಡ ಸಿಬ್ಬಂದಿ ಅದನ್ನೇ ಪರೀಕ್ಷೆಯೆಂದು ಭಾವಿಸುವುದು. ಜನರೇಟರ್ ಚಾಲೂ ಆಗುವವರೆಗಿನ ಕೆಲವು ಸೆಕೆಂಡುಗಳ ಬೆಳಕು, ಬ್ಯಾಟರಿ ಪೂರ್ಣಾವಧಿ ಉಳಿಯುತ್ತದೆ ಎಂಬುದಕ್ಕೆ ಆಧಾರವಾಗುವುದಿಲ್ಲ. ಇಂತಹ ಕಟ್ಟಡಗಳಲ್ಲಿ ಪೂರ್ಣಾವಧಿಯ ಪರೀಕ್ಷೆ ಇನ್ನಷ್ಟು ಅವಶ್ಯಕವಾಗುತ್ತದೆ.