ಕೋಳಿ ಮಾಂಸಕ್ಕೆ ದೊಡ್ಡಪತ್ರೆ ಕಾವಲು

ಬೆಳಿಗ್ಗೆ ತಂದ ಕೋಳಿ ಮಾಂಸಕ್ಕೆ ಅರಿಶಿನ, ಉಪ್ಪು ಸವರಿಟ್ಟರೆ ಫ್ರಿಜ್ಜಿನ ಹಂಗಿಲ್ಲದೆ ರಾತ್ರಿಯವರೆಗೂ ಇರುತ್ತದೆ, ಇದರ ಹಿಂದಿನ ವಿಜ್ಞಾನ ತಿಳಿಸಿ ಎಂದು ಓದುಗರೊಬ್ಬರು ಕೇಳಿದ್ದಾರೆ. ದಯವಿಟ್ಟು ಹಾಗೆ ಇಡಬೇಡಿ. ಹಳದಿ ಬಣ್ಣ ಕಂಡೊಡನೆ ನಮಗೆ ಧೈರ್ಯ ಬಂದುಬಿಡುತ್ತದೆ. ಆದರೆ ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಮಾಂಸದ ತೇವದಲ್ಲಿ ಹರಡಿ ಸೂಕ್ಷ್ಮಾಣುಗಳನ್ನು ತಲುಪುವುದು ಅದಕ್ಕೆ ಕಷ್ಟ. ಒಣಮೀನಿಗೆ ಹಾಕುವಷ್ಟು ಉಪ್ಪು ಹಾಕಿದರೆ ಮಾತು ಬೇರೆ. ರುಚಿಗೆ ತಕ್ಕಷ್ಟು ಉಪ್ಪು ಏನನ್ನೂ ತಡೆಯದು.

ಹಾಗೆಂದು ಗಿಡಗಳಿಗೆ ಆ ಶಕ್ತಿಯಿಲ್ಲವೆಂದಲ್ಲ. ನಾವು ನೆಚ್ಚಿಕೊಂಡ ಗಿಡ ಬೇರೆ, ನಿಜವಾದ ಕಸುವಿರುವ ಗಿಡ ಬೇರೆ. ಹಿತ್ತಿಲ ದೊಡ್ಡಪತ್ರೆಯ ಎಲೆ ಹಿಸುಕಿ ಮೂಸಿ ನೋಡಿ. ಆ ಘಾಟಿನಲ್ಲಿ ಕಾರ್ವಕ್ರಾಲ್ ಎಂಬ ಸಂಯುಕ್ತವಿದೆ. ಪಿಜ್ಜಾದ ಮೇಲೆ ಉದುರಿಸುವ ಓರೆಗಾನೊದಲ್ಲಿರುವುದೂ ಇದೇ. ಓಮಕಾಳಿನ ಥೈಮಾಲ್‌ನಲ್ಲೂ ಇವೇ ಪರಮಾಣುಗಳು, ಇಷ್ಟೇ ಸಂಖ್ಯೆಯಲ್ಲಿ. ಒಂದು ಹೈಡ್ರಾಕ್ಸಿಲ್ ಗುಂಪು ಕೂತ ಜಾಗ ಮಾತ್ರ ಬೇರೆ.

ಈ ಹೈಡ್ರಾಕ್ಸಿಲ್ ಗುಂಪಿನ ಕೆಲಸ ನನಗಂತೂ ಎಷ್ಟು ಓದಿದರೂ ಬೇಸರ ತರಿಸದ ವಿಷಯ. ಬ್ಯಾಕ್ಟೀರಿಯಾ ತನ್ನ ಜಿಡ್ಡಿನ ಪೊರೆಯ ಹೊರಗೆ ಪ್ರೋಟಾನುಗಳನ್ನೂ ಒಳಗೆ ಪೊಟ್ಯಾಸಿಯಂ ಅನ್ನೂ ಹೆಚ್ಚಾಗಿ ಇಟ್ಟುಕೊಂಡಿರುತ್ತದೆ. ಒಳಹೊರಗಿನ ಈ ಅಂತರದಿಂದಲೇ ಅದು ಶಕ್ತಿ ಉತ್ಪಾದಿಸುವುದು. ಕಾರ್ವಕ್ರಾಲ್ ಆ ಪೊರೆಯಲ್ಲಿ ಕರಗಿ, ಹೊಳೆ ದಾಟಿಸುವ ಅಂಬಿಗನ ಹಾಗೆ, ಒಂದು ಪ್ರೋಟಾನನ್ನು ಒಳಗೆ ಇಳಿಸಿ, ಮರಳುವಾಗ ಪೊಟ್ಯಾಸಿಯಂ ಹೊತ್ತು ಹೊರಗೆ ಬಿಡುತ್ತದೆ. ಮತ್ತೆ ಪ್ರೋಟಾನು, ಮತ್ತೆ ಪೊಟ್ಯಾಸಿಯಂ. ಅಂತರ ಅಳಿದಂತೆ ಜೀವಕೋಶದ ಶಕ್ತಿಯೂ ಬತ್ತುತ್ತದೆ. ಅನ್ನ ಹಳಸಿದಾಗ ಹೊಟ್ಟೆ ಕೆಡಿಸುವ ಬ್ಯಾಸಿಲಸ್ ಸೀರಿಯಸ್ ಮೇಲೆ ಪ್ರಯೋಗ ಮಾಡಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2002ರಲ್ಲಿ ಈ ವಿವರಣೆ ಮುಂದಿಟ್ಟರು. ಸೈಮೀನ್ ಎಂಬ ಸಂಯುಕ್ತವನ್ನೂ ಅವರು ಪರೀಕ್ಷಿಸಿದರು. ಅದು ಹೈಡ್ರಾಕ್ಸಿಲ್ ಕಳೆದುಕೊಂಡ ಕಾರ್ವಕ್ರಾಲ್ ಎನ್ನಬಹುದು. ಅದೂ ಪೊರೆಯೊಳಗೆ ಸೇರಿಕೊಂಡಿತು, ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ!

ಹಾಗಾದರೆ ದೊಡ್ಡಪತ್ರೆ ಅರೆದು ಮೆತ್ತಿದರೆ ಕೋಳಿ ಕೆಡುವುದಿಲ್ಲವೇ? ತೊಡಕಿರುವುದು ಕೋಳಿಯಲ್ಲೇ. ಜಿಡ್ಡು ಕಂಡರೆ ಕರಗುವುದು ಕಾರ್ವಕ್ರಾಲ್‌ನಂಥ ಸಂಯುಕ್ತಗಳಿರುವ ಈ ಘಾಟಿನ ಎಣ್ಣೆಗಳ ಗುಣ. ಪ್ರಯೋಗನಾಳದಲ್ಲಿ ಜಿಡ್ಡೆಂದರೆ ಬ್ಯಾಕ್ಟೀರಿಯಾದ ಪೊರೆ ಮಾತ್ರ. ಮಾಂಸದಲ್ಲಿ ಕೊಬ್ಬು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದು, ಎಣ್ಣೆಯ ಬಹುಪಾಲನ್ನು ಅದೇ ಹೀರಿಕೊಳ್ಳುತ್ತದೆ. ಆದ್ದರಿಂದ ನಾಳದಲ್ಲಿ ಗೆದ್ದ ಪ್ರಮಾಣದ ಹಲವು ಪಟ್ಟು ಬೇಕಾಗುತ್ತದೆ, ಅಷ್ಟು ಹಾಕಿದರೆ ಘಾಟಿಗೆ ಬಾಯಿಗಿಡಲಾಗದು. ಎಣ್ಣೆಯನ್ನು ಅತಿಸೂಕ್ಷ್ಮ ಹನಿಗಳಾಗಿ ಒಡೆದು, ಅಥವಾ ಸಿಗಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಪದರದಲ್ಲಿ ಬೆರೆಸಿ ಮಾಂಸಕ್ಕೆ ಹೊದಿಸುವ ಪ್ರಯೋಗಗಳು ನಡೆಯುತ್ತಿರುವುದು ಇದಕ್ಕಾಗಿಯೇ. ಅವೂ ಶೀತದ ಜೊತೆಗೇ ಕೆಲಸ ಮಾಡಬೇಕು, ಶೀತಕ್ಕೆ ಬದಲಾಗಿ ಅಲ್ಲ.

ಸೂಕ್ಷ್ಮಾಣುಗಳನ್ನು ಬಿಟ್ಟು ಕಮಟನ್ನು ತಡೆಯುವುದರಲ್ಲಿ ಸಸ್ಯಸಾರ ಆಗಲೇ ಗೆದ್ದಿದೆ. ಕೋಳಿ ಕೊಬ್ಬು ಗಾಳಿಗೆ ಬೇಗ ಕಮಟುತ್ತದೆ. ರೋಸ್‌ಮೆರಿ ಎಲೆಯ ಕಾರ್ನೋಸಿಕ್ ಆಮ್ಲ ಅದನ್ನು ನಿಧಾನಗೊಳಿಸುತ್ತದೆ. ಐರೋಪ್ಯ ಒಕ್ಕೂಟ ಈ ಸಾರಕ್ಕೆ 2010ರಲ್ಲಿ ಇ 392 ಎಂಬ ಸಂಖ್ಯೆಯಡಿ ಒಪ್ಪಿಗೆ ಕೊಟ್ಟಿತು.

ಇನ್ನು ಮೂಸಿ ನೋಡಿ ತಾಜಾ ಎಂದು ತೀರ್ಮಾನಿಸುವವರಿಗೆ ಎರಡು ಮಾತು. ಕೆಟ್ಟ ಮಾಂಸದ ನಾತ ಹೆಚ್ಚಾಗಿ ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳದು. ಸಸ್ಯತೈಲಗಳಿಗೂ ಸುಲಭವಾಗಿ ಬಗ್ಗದ ಗಟ್ಟಿ ಪಿಂಡಗಳವು. ಆಸ್ಪತ್ರೆಗೆ ಸೇರಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳು ಮೂಗಿಗೆ ಸುಳಿವೇ ಕೊಡುವುದಿಲ್ಲ. ನಲ್ಲಿಯಡಿ ತೊಳೆದರೆ ಅವು ಹೋಗುವುದಿಲ್ಲ, ಸಿಂಕಿನ ಸುತ್ತ ಸಿಡಿದು ಪಕ್ಕದ ಕೊತ್ತಂಬರಿಯ ಮೇಲೂ ಕೂರುತ್ತವೆ. ಅಂಗಡಿಯಿಂದ ತಂದ ಕೂಡಲೇ ಮುಚ್ಚಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿಡಿ. ಎರಡು ದಿನದೊಳಗೆ, ತುಂಡಿನ ನಡುಭಾಗಕ್ಕೂ 74 ಡಿಗ್ರಿ ಶಾಖ ತಾಗುವಂತೆ ಬೇಯಿಸಿ. ಅರಿಶಿನ, ದೊಡ್ಡಪತ್ರೆ ಹಚ್ಚಿ ನೆನೆಯಲು ಬಿಡುವುದಾದರೆ ಅದೂ ಫ್ರಿಜ್ಜಿನೊಳಗೇ ಆಗಲಿ.