ನೆತ್ತರಿಗೆ ನೆಲ, ನೆತ್ತರಿಗೆ ಒಂಟೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಈಗ ಕಣ್ಣಿಗೆ ಬರುವುದು ತೆಂಗಿನ ತೋಟ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿ, ಕೊಬ್ಬರಿ ಹರಾಜು. ತೋಟದ ಬೇಲಿ ದಾಟಿ ಊರ ಹೊರಗೆ ನಡೆದರೆ ಬೇರೊಂದು ಚರಿತ್ರೆ ಕಲ್ಲಿನಲ್ಲಿ ನಿಂತಿದೆ. ಅದು ದನಕರುಗಳ ಚರಿತ್ರೆ. ಮಳೆ ವರ್ಷಕ್ಕೆ 600–700 ಮಿಲಿಮೀಟರ್ ಆಸುಪಾಸು ಬೀಳುವ ಈ ಬಯಲುಸೀಮೆಯಲ್ಲಿ ತೆಂಗು ನೀರಿದ್ದ ಕಡೆ ಮಾತ್ರ ನಿಲ್ಲುತ್ತದೆ. ಹುಲ್ಲು ಎಲ್ಲ ಕಡೆ ಬೆಳೆಯುತ್ತದೆ. ಹುಲ್ಲಿದ್ದಲ್ಲಿ ಹಸು, ಹಸುವಿದ್ದಲ್ಲಿ ಅದನ್ನು ಹೊಡೆದುಕೊಂಡು ಹೋಗುವವರು, ಅವರನ್ನು ಅಡ್ಡಗಟ್ಟಿ ಸಾಯುವವರು.

ದನಗಾಹಿಗಳ ನಾಡಿನಲ್ಲಿ ರಾಜ್ಯ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಚರಿತ್ರಕಾರರೂ ಮಾನವಶಾಸ್ತ್ರಜ್ಞರೂ ಆಫ್ರಿಕಾದ ಕೊಂಬಿನ ಕಡೆ ನೋಡಿಯೂ ಕೇಳಿದ್ದಾರೆ, ಅದರಲ್ಲೂ ಸೋಮಾಲಿ ಜನರನ್ನು ನೋಡಿ. ಕಡಲ್ಗಳ್ಳರು, ಬರ, ಅಂತರ್ಯುದ್ಧ ಇವಿಷ್ಟೇ ಸೋಮಾಲಿಯಾ ಎಂದು ನಮಗೆ ಪತ್ರಿಕೆಗಳು ಕಲಿಸಿವೆ. ಆ ಜನರ ಚರಿತ್ರೆಯನ್ನು ತಿಪಟೂರು ಸೀಮೆಯ ಕಲ್ಲುಗಳ ಪಕ್ಕದಲ್ಲಿಟ್ಟು ಓದಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ನನ್ನ ನಂಬಿಕೆ.

ಮೊದಲು ನಮ್ಮ ಕಲ್ಲು. ತುರುಗೋಳಿನ, ಎಂದರೆ ದನ ಹೊಡೆದುಕೊಂಡು ಹೋಗುವ ಕಾಳಗದ, ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ವೀರ ಬಿಲ್ಲೋ ಕತ್ತಿಯೋ ಹಿಡಿದು ಮುನ್ನುಗ್ಗುತ್ತಿದ್ದಾನೆ, ಎದುರಿಗೆ ಬಾಣ ಬಿಡುವವರು, ಅವನ ಹಿಂದೆಯೋ ಮೂಲೆಯಲ್ಲೋ ಒಂದರ ಮೇಲೊಂದು ಪೇರಿಸಿದಂತೆ ಕೊರೆದ ಹಸುಗಳು. ಶಿಲ್ಪಿಗೆ ಜಾಗ ಸಾಲದೆ ನಾಲ್ಕಾರು ಹಸುಗಳಲ್ಲೇ ಇಡೀ ಮಂದೆಯನ್ನು ತೋರಿಸಿರುತ್ತಾನೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದೆದುರು ಕೈಮುಗಿದು ಕುಳಿತಿದ್ದಾನೆ. ಪಟ್ಟಿಗಳ ನಡುವಿನ ಏಣಿನಲ್ಲಿ ಅಕ್ಷರ: ಯಾರ ಆಳ್ವಿಕೆಯಲ್ಲಿ, ಯಾವ ಊರಿನ ತುರು ಹೋದಾಗ, ಯಾರ ಮಗ ಸತ್ತ. ಕೊನೆಗೆ, ಅವನ ಮನೆಯವರಿಗೆ ಏನು ಕೊಟ್ಟರು.

ಈ ಕೊನೆಯ ಸಾಲೇ ನನಗೆ ಬಹಳ ಮುಖ್ಯ. ಕೊಟ್ಟದ್ದು ಸಾಮಾನ್ಯವಾಗಿ ಭೂಮಿ. ಗಂಗರ ಕಾಲದ ಶಾಸನಗಳಲ್ಲಿ ಅದಕ್ಕೆ ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿವೆ. ಮುಂದೆ ನೆತ್ತರುಗೊಡಗೆ ಎಂಬ ಮಾತು ರೂಢಿಗೆ ಬಂತು. ದನಕ್ಕಾಗಿ ಸತ್ತವನಿಗೆ ದನ ಕೊಡಲಿಲ್ಲ, ಗದ್ದೆ ಕೊಟ್ಟರು. ಗದ್ದೆ ಎಂದರೆ ಎಲ್ಲೆ, ಎಲ್ಲೆ ಎಂದರೆ ಸಾಕ್ಷಿ, ಸಾಕ್ಷಿ ಎಂದರೆ ಊರ ಗಾವುಂಡ, ಗಾವುಂಡನ ಮೇಲೆ ನಾಡು, ನಾಡಿನ ಮೇಲೆ ಅರಸು. ಗದ್ದೆಗೆ ನೀರು ಬೇಕು, ನೀರಿಗೆ ಕೆರೆ ಬೇಕು. ಕೆರೆ ಕಟ್ಟಿದವನಿಗೂ ಏರಿ ಕಾದವನಿಗೂ ಮತ್ತೆ ಭೂಮಿಯೇ ಕೊಡುಗೆ. ಹೀಗೆ ನೆತ್ತರಿನ ಲೆಕ್ಕ ನೆಲಕ್ಕೆ ಬಿದ್ದ ಮೇಲೆ ಮನೆತನ ಅಲ್ಲಿಂದ ಕದಲುವುದಿಲ್ಲ. ಕದಲದ ಮನೆತನದಿಂದ ತೆರಿಗೆ ಎತ್ತುವುದು ಸುಲಭ.

ಅದರ ಫಲ ಈಗಲೂ ಕಾಣುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ಗುಡಿ ಇದೆ. ಗಂಗ, ನೊಳಂಬರ ಶೈಲಿಯ ಆ ಗುಡಿಯ ಭುವನೇಶ್ವರಿಯಲ್ಲಿ ನಟರಾಜ ಕುಣಿಯುತ್ತಾನೆ, ಸುತ್ತ ಅಷ್ಟದಿಕ್ಪಾಲಕರು. ಕರ್ನಾಟಕದ ಅತ್ಯುತ್ತಮ ಒಳಚಾವಣಿಗಳಲ್ಲಿ ಅದೊಂದು ಎನ್ನಲು ನನಗೆ ಹಿಂಜರಿಕೆಯಿಲ್ಲ. 13ನೆಯ ಶತಮಾನಕ್ಕೆ ಹೊಯ್ಸಳರ ಕಾಲದಲ್ಲಿ ತುರುವೇಕೆರೆಯಲ್ಲಿ ಚೆನ್ನಕೇಶವ, ನಾಗಲಾಪುರದಲ್ಲಿ ಜೋಡಿ ಗುಡಿಗಳು, ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹ. ಕೆರೆ, ಅಗ್ರಹಾರ, ಗುಡಿ ಮೂರೂ ಕೂಡಿದಲ್ಲಿ ರಾಜ್ಯ ನೆಲೆಯೂರಿತು. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ನಂದಿಯ ಹೊಳಪನ್ನು ನೋಡಿದವರು ಮರೆಯುವುದಿಲ್ಲ. ಆ ಶಿಲ್ಪಿಗೆ ಎತ್ತಿನ ಮೈ ಚೆನ್ನಾಗಿ ಗೊತ್ತಿತ್ತು.

ಈಗ ಅರಬ್ಬಿ ಸಮುದ್ರದ ಆಚೆ ದಡ. ಅಲ್ಲಿ ಸರಾಸರಿ ಮಳೆ 300 ಮಿಲಿಮೀಟರಿಗೂ ಕಡಿಮೆ. ಏಪ್ರಿಲ್‌ನಿಂದ ಜೂನ್‌ವರೆಗೆ ‘ಗು’, ಅಕ್ಟೋಬರ್, ನವೆಂಬರಿನಲ್ಲಿ ‘ದೇರ್’, ಎರಡೇ ಮಳೆಗಾಲ. ಜುಬ್ಬಾ, ಶಬೆಲೆ ಎಂಬ ಎರಡು ನದಿಗಳ ನಡುವಿನ ಸೀಮೆ ಬಿಟ್ಟರೆ ಬೇಸಾಯಕ್ಕೆ ಒಗ್ಗುವ ನೆಲ ಕಡಿಮೆ. ಸೋಮಾಲಿಗಳ ಭಾಷೆ ಕುಶಿಟಿಕ್ ಬಳಗದ್ದು. ಓರೊಮೊ, ಅಫಾರ್ ಅದರ ದಾಯಾದಿಗಳು. ಹರ್ಗೀಸಾ ನಗರದ ಬಳಿ ಲಾಸ್ ಗೀಲ್ ಎಂಬಲ್ಲಿ ಬಂಡೆಯ ಆಸರೆಗಳ ಕೆಳಗೆ ಸುಮಾರು 5000 ವರ್ಷ ಹಳೆಯ ಚಿತ್ರಗಳಿವೆ. 2002ರಲ್ಲಿ ಫ್ರೆಂಚ್ ಪುರಾತತ್ವಜ್ಞರ ತಂಡ ಅವುಗಳನ್ನು ಹೊರಜಗತ್ತಿಗೆ ತೋರಿಸಿತು. ಕೆಂಪು, ಬಿಳಿ ಬಣ್ಣದಲ್ಲಿ ಬರೆದಿರುವುದು ಹೆಚ್ಚಾಗಿ ಹಸುಗಳನ್ನು, ಕುತ್ತಿಗೆಗೆ ಅಲಂಕಾರ ತೊಡಿಸಿದ ಹಸುಗಳನ್ನು. ಅವಕ್ಕೆ ಹಿಣಿಲಿಲ್ಲ. ಹಿಣಿಲಿನ ಹಸು ಭಾರತದ ಕಡೆಯಿಂದ ಆಫ್ರಿಕಾಕ್ಕೆ ಹೋದದ್ದು ನಂತರ. ಪೂರ್ವ ಆಫ್ರಿಕಾದ ಇಂದಿನ ತಳಿಗಳ ವಂಶವಾಹಿಗಳಲ್ಲಿ ಅದರ ಗುರುತು ಸ್ಪಷ್ಟವಾಗಿದೆ. ಅರೇಬಿಯಾದಲ್ಲಿ ಪಳಗಿದ ಒಂಟೆಯೂ ಆಮೇಲೆ ಬಂತು, ನೆಲ ಒಣಗುತ್ತ ಬಂದ ಹಾಗೆ ಹಸುವಿನ ಜಾಗವನ್ನು ಅದು ಹಿಡಿಯಿತು.

ಒಂಟೆಯೊಂದಿಗೆ ಬದುಕು ಮಳೆಯ ಹಿಂದೆ ನಡೆಯುತ್ತದೆ. ಬಾಗಿಸಿದ ಕೋಲು, ಚಾಪೆಗಳಿಂದ ಕಟ್ಟಿ, ಬಿಚ್ಚಿ, ಒಂಟೆಯ ಬೆನ್ನಿಗೇರಿಸುವ ಮನೆ. ಸುತ್ತ ಮುಳ್ಳಿನ ಬೇಲಿ. ದಿರ್, ಇಸಾಕ್, ದಾರೋದ್, ಹಾವಿಯೆ, ರಹನ್‌ವೇನ್ ಎಂಬ ದೊಡ್ಡ ಕುಲಗಳು, ಅವುಗಳೊಳಗೆ ಕವಲು, ಕವಲಿನೊಳಗೆ ಕವಲು. ಮಕ್ಕಳು ತಂದೆ, ತಾತ, ಮುತ್ತಾತರ ಹೆಸರುಗಳನ್ನು ತಲೆಮಾರುಗಟ್ಟಲೆ ಹಿಂದಕ್ಕೆ ಬಾಯಿಪಾಠ ಮಾಡುತ್ತವೆ. ಕೊಲೆಯಾದರೆ ‘ಮಗ್’ ಎಂಬ ಪರಿಹಾರ: ಗಂಡಸಿಗೆ 100 ಒಂಟೆ, ಹೆಂಗಸಿಗೆ 50 ಎಂಬುದು ಹಳೆಯ ದರ. ಕೊಂದವನೊಬ್ಬನೇ ಅದನ್ನು ಕಟ್ಟುವುದಿಲ್ಲ. ಅವನ ಕವಲಿನ ಗಂಡಸರೆಲ್ಲ ಕೂಡಿ ಕಟ್ಟಬೇಕು, ಸತ್ತವನ ಕವಲು ಹಂಚಿಕೊಳ್ಳಬೇಕು. ಹಿರಿಯರು ಮರದಡಿ ಕೂತು ತೀರ್ಮಾನಿಸುವ ಈ ಕಟ್ಟಳೆಗೆ ‘ಹೇರ್’ ಎನ್ನುತ್ತಾರೆ.

ಇಲ್ಲಿ ನೆತ್ತರಿಗೆ ನೆಲ, ಅಲ್ಲಿ ನೆತ್ತರಿಗೆ ಒಂಟೆ. ನೆಲ ಇದ್ದಲ್ಲೇ ಇರುತ್ತದೆ, ಒಂಟೆ ನಡೆದುಹೋಗುತ್ತದೆ. ನಡೆದುಹೋಗುವ ಆಸ್ತಿಯ ಮೇಲೆ ಅರಸನ ಕೈ ಬಹಳ ದೂರ ಚಾಚುವುದಿಲ್ಲ. ಅಲ್ಲಿ ರಾಜ್ಯಗಳು ಹುಟ್ಟಲೇ ಇಲ್ಲ ಎಂದು ಇದರ ಅರ್ಥವಲ್ಲ. ಹುಟ್ಟಿದವು, ಚದುರಿದ ಆ ಜನ ಬಂದೇ ಬರಬೇಕಾದ ಎರಡು ಜಾಗಗಳಲ್ಲಿ: ಬಾವಿಯ ಬಳಿ ಮತ್ತು ಬಂದರಿನ ಬಳಿ.

ಬಂದರುಗಳು ಬಹಳ ಹಳೆಯವು. ಕ್ರಿಸ್ತಶಕ 1ನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಈ ಕರಾವಳಿಯ ಮಲಾವೊ, ಮೊಸಿಲ್ಲಾನ್, ಓಪೋನೆಗಳನ್ನು ಹೆಸರಿಸುತ್ತದೆ. ಮಲಾವೊ ಎಂದರೆ ಇಂದಿನ ಬರ್ಬೆರಾ. ಅಲ್ಲಿಂದ ಹೊರಡುತ್ತಿದ್ದದ್ದು ಸಾಂಬ್ರಾಣಿ, ಗುಗ್ಗುಳದ ಜಾತಿಯ ಅಂಟುಗಳು. ಭಾರತದ ಪಶ್ಚಿಮ ತೀರದ ಹಡಗುಗಳು ಅಲ್ಲಿಗೆ ಒಯ್ಯುತ್ತಿದ್ದ ಸರಕಿನ ಪಟ್ಟಿಯಲ್ಲಿ ಗೋಧಿ, ಅಕ್ಕಿ, ಎಳ್ಳೆಣ್ಣೆ, ಹತ್ತಿ ಬಟ್ಟೆ, ಕಬ್ಬಿನ ಸಿಹಿ ಜೊತೆಗೆ ತುಪ್ಪವೂ ಇದೆ. ದನಗಾಹಿಗಳ ಒಂದು ನಾಡಿನ ತುಪ್ಪ ಇನ್ನೊಂದು ದನಗಾಹಿ ನಾಡಿಗೆ ಹಡಗೇರಿ ಹೋಗುತ್ತಿತ್ತು! ಇದಕ್ಕೂ ಹಿಂದೆಯೇ ಬೀಜಗಳ ಓಡಾಟ ಆಗಿತ್ತು. ತೆಂಗಿನ ಸಾಲಿನ ಹೊರಗಿನ ಹೊಲದಲ್ಲಿ ಇವತ್ತು ಬಿತ್ತುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಜೋಳ, ಅಲಸಂದೆ, ಹರಳು ಕೂಡ ಆಫ್ರಿಕಾ ಖಂಡದವೇ. ಬದುವಿನ ಹುಣಸೆಮರವೂ ಮೂಲತಃ ಅಲ್ಲಿಯದು. ಮುದ್ದೆ ಉಣ್ಣುವ ನಾವು ಆ ಕಡೆಯ ಬೇಸಾಯಗಾರರಿಗೆ ಋಣಿಗಳು.

1331ರಲ್ಲಿ ಪ್ರವಾಸಿ ಇಬ್ನ್ ಬತೂತಾ ಮೊಗದಿಶುವಿಗೆ ಬಂದಾಗ ಅದು ದೊಡ್ಡ ಪಟ್ಟಣ. ದಿನಕ್ಕೆ ನೂರಾರು ಒಂಟೆ ಕಡಿಯುತ್ತಾರೆ, ಇಲ್ಲಿ ನೇಯ್ದ ಬಟ್ಟೆ ಈಜಿಪ್ಟಿಗೂ ಹೋಗುತ್ತದೆ ಎಂದು ಬರೆದ. ಅತಿಥಿಯಾದ ಅವನಿಗೆ ಅರಮನೆಯಿಂದ ಮೊದಲು ಬಂದದ್ದು ತಟ್ಟೆಯಲ್ಲಿ ವೀಳ್ಯದೆಲೆ ಮತ್ತು ಅಡಿಕೆ. ಊಟಕ್ಕೆ ತುಪ್ಪ ಹಾಕಿದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಉಪ್ಪಿನಕಾಯಿ, ಹಸಿಶುಂಠಿ, ಮಾವು. ಎಲೆ ಅಡಿಕೆ ಬೆಳೆಯುವ ತುಮಕೂರು ಸೀಮೆಯವರಿಗೆ ಈ ಮರ್ಯಾದೆಯನ್ನು ವಿವರಿಸಬೇಕಿಲ್ಲ. ಕೆಲವು ವರ್ಷಗಳ ನಂತರ ಅದೇ ಪ್ರವಾಸಿ ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಏಳಿಮಲೆಯ ಬಳಿಯ ಹೀಲಿಗೆ ಬಂದಾಗ ಅಲ್ಲಿನ ಮಸೀದಿಯಲ್ಲಿ ಸಯೀದ್ ಎಂಬ ವಿದ್ವಾಂಸನನ್ನು ಕಂಡ. ಊರು ಯಾವುದು? ಮೊಗದಿಶು. ಕಾಸರಗೋಡಿನ ಪಕ್ಕದ ಕಡಲತೀರದಲ್ಲಿ 14ನೆಯ ಶತಮಾನಕ್ಕೇ ಒಬ್ಬ ಸೋಮಾಲಿ ತೀರದ ಪಂಡಿತ ಪಾಠ ಹೇಳುವ ಮಟ್ಟದವನಾಗಿದ್ದ.

ಒಳನಾಡಿನ ಕಥೆ ಬೇರೆ. ಇಫಾತ್, ಅದರ ಬೆನ್ನಿಗೆ ಅದಾಲ್ ಸುಲ್ತಾನರು ಜೈಲಾ ಬಂದರಿನಿಂದ ಒಳಕ್ಕೆ ಹೋಗುವ ವ್ಯಾಪಾರದ ದಾರಿಯನ್ನು ಹಿಡಿದು ಬೆಳೆದರು. ಅದಾಲಿನ ಇಮಾಮ್ ಅಹ್ಮದ್, ಸೋಮಾಲಿಗಳ ಬಾಯಲ್ಲಿ ಅಹ್ಮದ್ ಗುರೇ, 1529ರಲ್ಲಿ ಇಥಿಯೋಪಿಯಾದ ದೊರೆಯನ್ನು ಸೋಲಿಸಿದ. ಅವನ ದಂಡಿನಲ್ಲಿ ಸೋಮಾಲಿ ಕುಲಗಳು ತಮ್ಮ ತಮ್ಮ ನಾಯಕರ ಕೆಳಗೇ ಬಂದಿದ್ದವು. 1543ರಲ್ಲಿ ಅವನು ಬಿದ್ದ ದಿನವೇ ದಂಡು ಚದುರಿತು. ದಕ್ಷಿಣದಲ್ಲಿ ಅಜುರಾನ್ ಅರಸರು ಬಾವಿಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡು, ಶಬೆಲೆ ತೀರದ ರೈತರಿಂದ ಕಾಳನ್ನೂ ಮಂದೆಯವರಿಂದ ಜಾನುವಾರನ್ನೂ ಕಂದಾಯವಾಗಿ ಎತ್ತಿದರೆಂದು ಬಾಯಿಮಾತಿನ ಚರಿತ್ರೆ ಹೇಳುತ್ತದೆ. ಬಾವಿಯ ಮೇಲಿನ ಆ ಹಿಡಿತ ಅತಿಯಾಗಿ ಕುಲಗಳು ತಿರುಗಿಬಿದ್ದವಂತೆ. 17ನೆಯ ಶತಮಾನದ ಕೊನೆಯ ಹೊತ್ತಿಗೆ ಅಜುರಾನ್ ಮುಗಿದಿತ್ತು.

ಬರ್ಬೆರಾದ ಜಾತ್ರೆ ಇನ್ನೂ ಸೋಜಿಗದ್ದು. 19ನೆಯ ಶತಮಾನದಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಒಳನಾಡಿನಿಂದ ತುಪ್ಪ, ಚರ್ಮ, ಅಂಟು, ಕುರಿ. ಪೋರಬಂದರು, ಮಾಂಡವಿ, ಮುಂಬಯಿಯಿಂದ ಬನಿಯಾಗಳು. ಗಾಳಿ ತಿರುಗಿದರೆ ಊರು ಖಾಲಿ. ಆಳುವ ಅರಸನಿಲ್ಲ. ಪ್ರತಿ ಪರದೇಶಿ ವ್ಯಾಪಾರಿಗೂ ಒಬ್ಬ ‘ಅಬ್ಬಾನ್’ ಇರುತ್ತಿದ್ದ: ದಲಾಲಿಯೂ ಅವನೇ, ರಕ್ಷಕನೂ ಅವನೇ. ವ್ಯಾಪಾರಿಯ ಮೈಮುಟ್ಟಿದರೆ ಅಬ್ಬಾನನ ಇಡೀ ಕುಲ ಎದುರು ನಿಲ್ಲುತ್ತಿತ್ತು. ಪೊಲೀಸು, ನ್ಯಾಯಾಲಯವಿಲ್ಲದ ಈ ಏರ್ಪಾಟು ಸಾಗರದಾಚೆಯ ವ್ಯಾಪಾರವನ್ನು ನಡೆಸಿಕೊಟ್ಟಿತು. ಇಂಥದ್ದನ್ನು ಕಟ್ಟಿದ ಜನರನ್ನು ಅರಾಜಕರು ಎಂದು ಕರೆಯುವುದು ಅನ್ಯಾಯ.

ನಮ್ಮಲ್ಲಿ ಚಕ್ರ ಬೇರೆ ದಿಕ್ಕಿಗೆ ಉರುಳಿತು. ವಿಜಯನಗರದ ಕಾಲದಿಂದ ಈ ಸೀಮೆಯನ್ನು ಆಳಿದವರು ಹಾಗಲವಾಡಿ ಪಾಳೆಯಗಾರರು. ಚಿಕ್ಕನಾಯಕನಹಳ್ಳಿ ಅವರಲ್ಲೊಬ್ಬನ ಹೆಸರನ್ನೇ ಹೊತ್ತಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (1672–1704) ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ತೆರೆದು ಅರಮನೆಯ ದನಗಳಿಗಾಗಿ ಹುಲ್ಲುಗಾವಲು ಮೀಸಲಿಟ್ಟರು. ಹೈದರಾಲಿ ಪಾಳೆಯಗಾರರನ್ನು ಅಡಗಿಸಿ ಅವರ ದನಗಳನ್ನೂ ಸೇರಿಸಿಕೊಂಡ. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಕಾವಲು ಎಂಬ ಆ ಹುಲ್ಲುಗಾವಲುಗಳನ್ನು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಓಡಾಡಿಸುತ್ತಿದ್ದರು. ದನಗಾಹಿಯ ಅಲೆದಾಟವನ್ನೇ ಸರ್ಕಾರ ದಫ್ತರಕ್ಕೆ ಬರೆದುಕೊಂಡಿತ್ತು. ಸೋಮಾಲಿ ಸುಲ್ತಾನರಿಗೆ ಒಲಿಯದ ಹಿಡಿತ ಇದು. ಫಿರಂಗಿಗಳನ್ನು ಎಳೆದ ಆ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂಬ ಮಾತು ಬ್ರಿಟಿಷರ ಬರಹಗಳಲ್ಲೇ ಇದೆ. ಇವತ್ತಿಗೂ ತುರುವೇಕೆರೆಯ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಯ ಸರ್ಕಾರಿ ಕೇಂದ್ರವಿದೆ.

ಈ ಹಿಡಿತಕ್ಕೆ ಪೂರ್ತಿ ಸಿಕ್ಕದೆ ಉಳಿದವರು ಕಾಡುಗೊಲ್ಲರು. ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಇವರ ಹಟ್ಟಿಗಳು ಊರಿಂದ ದೂರಕ್ಕೆ, ಮುಳ್ಳುಬೇಲಿಯೊಳಗೆ; ಪಕ್ಕದಲ್ಲಿ ಕುರಿರೊಪ್ಪ. ಕುಲದ ವ್ಯಾಜ್ಯಗಳು ಕಟ್ಟೆಮನೆಯಲ್ಲಿ ತೀರುತ್ತವೆ. ದನ ಕಾಯ್ದ ವೀರ ಜುಂಜಪ್ಪ ಇವರ ದೇವರು. ಅವನ ಕಥೆಯನ್ನು ಉದ್ದನೆಯ ಬಿದಿರಿನ ಗಣೆ ಊದುತ್ತ ರಾತ್ರಿಯಿಡೀ ಹಾಡುತ್ತಾರೆ. ಸೋಮಾಲಿಗಳೂ ಒಂಟೆಗೆ ನೀರು ಕುಡಿಸುತ್ತ ಹಾಡುವ ಜನ, ಅವರ ಭಾಷೆಗೆ ಸರ್ಕಾರಿ ಲಿಪಿ ಸಿಕ್ಕಿದ್ದೇ 1972ರಲ್ಲಿ. ಶಿಲಾಶಾಸನಗಳಷ್ಟನ್ನೇ ಓದಿದ ಚರಿತ್ರೆಯಲ್ಲಿ ಇಬ್ಬರೂ ಕಾಣುವುದು ಕಡಿಮೆ. ಗಣೆಪದವನ್ನು ವೀರಗಲ್ಲಿನಷ್ಟೇ ಗಟ್ಟಿ ಆಕರವೆಂದು ಹಿಡಿದರೆ ಮಾತ್ರ ಈ ಸೀಮೆಯ ಚರಿತ್ರೆ ಪೂರ್ತಿಯಾದೀತು.

ಕುಲದ ಕಟ್ಟಳೆ ಅಲ್ಲಿಯೂ ಅಳಿಯಲಿಲ್ಲ. 1960ರಲ್ಲಿ ಸ್ವತಂತ್ರವಾದ ಸೋಮಾಲಿಯಾದಲ್ಲಿ 1969ರಿಂದ ಆಳಿದ ಸಿಯಾದ್ ಬರ್ರೆ ಕುಲದ ಮಾತನ್ನೇ ಕಾನೂನಿನಿಂದ ಅಳಿಸಲು ಹೊರಟ. 1991ರಲ್ಲಿ ಅವನ ಸರ್ಕಾರ ಕುಸಿದಾಗ ಹೊರಗಿನವರು ಕಟ್ಟಿಕೊಡಲು ಹೋದ ಒಪ್ಪಂದಗಳು ಒಂದಾದ ಮೇಲೊಂದು ಮುರಿದವು. ವಾಯವ್ಯದ ಸೋಮಾಲಿಲ್ಯಾಂಡಿನಲ್ಲಿ ಮಾತ್ರ 1993ರ ಜನವರಿಯಿಂದ ಮೇವರೆಗೆ ಬೊರಾಮಾ ಪಟ್ಟಣದಲ್ಲಿ ಕುಲಗಳ ಹಿರಿಯರು ಹಳೆಯ ಕಟ್ಟಳೆಯ ಪ್ರಕಾರವೇ ಕೂತು ಮಾತಾಡಿ, ಮೊಹಮದ್ ಇಬ್ರಾಹಿಂ ಇಗಾಲ್‌ರನ್ನು ಅಧ್ಯಕ್ಷರನ್ನಾಗಿ ಆರಿಸಿ ಸರ್ಕಾರ ಕಟ್ಟಿದರು. ಆ ಹಿರಿಯರ ಸಭೆಯ ಹೆಸರು ‘ಗುರ್ತಿ’. ಅದೇ ಅಲ್ಲಿನ ಸಂಸತ್ತಿನ ಮೇಲ್ಮನೆಯಾಯಿತು.