ಫಿಲ್ಟರ್ ಹಾಕಿದರೆ ಫೋಟೋ ಮೋನೆ ಚಿತ್ರವಾಗುತ್ತದೆಯೇ?

ಸಂಜೆ ಬಿಸಿಲಿನ ಹೊಲದ ಫೋಟೋಗೆ ಫಿಲ್ಟರ್ ಹಾಕಿ ‘ಈಗ ನೀವೂ ಮೋನೆ’ ಎಂದು ಬರೆದ ಚಿತ್ರಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಫೋನಿನಲ್ಲಿ ಚಿತ್ರ ಬಿಡಿಸುವ ಮಕ್ಕಳಿಗೆ ಮನೆಯವರು ಹೇಳುವ ಮಾತು ಬೇರೆ: ‘ಅದೆಲ್ಲ ಆ್ಯಪ್ ಮಾಡಿದ್ದು, ನೀನೇನು ಮಾಡಿದೆ?’ ಎರಡೂ ಸರಿಯಲ್ಲ.

ಫ್ರಾನ್ಸಿನ ಕ್ಲೋಡ್ ಮೋನೆ 1890-91ರಲ್ಲಿ ಮನೆ ಹತ್ತಿರದ ಹೊಲದ ಬಣವೆಗಳನ್ನೇ ಸುಮಾರು 25 ಸಲ ಬಿಡಿಸಿದರು. ಬೆಳಕು ಬದಲಾದ ಹಾಗೆ ಒಂದು ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಅವರಿಗೆ ಬಣವೆ ನೆಪ, ಬೇಕಿದ್ದದ್ದು ಬೆಳಕು. ಆ ಚಿತ್ರಗಳಲ್ಲಿ ನೆರಳು ಕಪ್ಪಗಿಲ್ಲ, ನೀಲಿ, ನೇರಳೆ. ಇದು ಕಲ್ಪನೆಯಲ್ಲ. ಮಾನ್ವಿ ಕಡೆ ಭತ್ತದ ಹುಲ್ಲಿನ ಬಣವಿಯ ನೆರಳನ್ನು ಇಳಿಹೊತ್ತಿನಲ್ಲಿ ಗಮನಿಸಿ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಆದರೆ ಆಕಾಶದ ನೀಲಿ ಬೆಳಕು ಬೀಳುತ್ತದೆ. ನಮ್ಮ ಮಿದುಳು ಆ ನೀಲಿಯನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಫೋನಿನ ಕ್ಯಾಮೆರಾ ಕೂಡ ಬಣ್ಣಗಳನ್ನು ತಾನಾಗಿಯೇ ‘ಸರಿ’ ಮಾಡುತ್ತದೆ.

(ಮೋನೆಗೆ ಕಣ್ಣಿನ ಪೊರೆ ಇತ್ತು, ಅದಕ್ಕೇ ಚಿತ್ರಗಳು ಮಸುಕು ಎಂಬ ಮಾತೂ ಇದೆ. ಪೊರೆ ಪತ್ತೆಯಾದದ್ದು 1912ರಲ್ಲಿ. ಈ ಶೈಲಿಗೆ ಹೆಸರು ಬರಲು ಕಾರಣವಾದ ಅವರ ಚಿತ್ರ ಪ್ರದರ್ಶನಗೊಂಡದ್ದು 1874ರಲ್ಲಿ!)

ಹಾಗಾದರೆ ಫಿಲ್ಟರ್ ಏನು ಮಾಡುತ್ತದೆ? 2015ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ ವಿಧಾನ ಹೀಗಿದೆ: ಒಂದು ಚಿತ್ರದಿಂದ ಕುಂಚದ ಗೀಟುಗಳ ಮತ್ತು ಬಣ್ಣಗಳ ಮಾದರಿಯನ್ನು ತೆಗೆದು ಇನ್ನೊಂದು ಫೋಟೋ ಮೇಲೆ ಹೊದಿಸುವುದು. ನೋಡಲು ಚೆಂದವೇ. ಆದರೆ ಮಾನ್ವಿಯ ನೆರಳು ಆ ಸಂಜೆ ಎಷ್ಟು ನೀಲಿಯಾಗಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ. ಕ್ಯಾಮೆರಾ ಕೊಟ್ಟಷ್ಟೇ ಅದರ ಬಂಡವಾಳ.

ಫೋನ್, ಟ್ಯಾಬ್ಲೆಟ್‌ಗಳಲ್ಲಿ ಕೈಯಿಂದ ಬಿಡಿಸುವುದು ಬೇರೆಯೇ ಕೆಲಸ. ಬ್ರಿಟನ್ನಿನ ಹೆಸರಾಂತ ಕಲಾವಿದ ಡೇವಿಡ್ ಹಾಕ್ನಿ 2020ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿದ್ದುಕೊಂಡು ವಸಂತ ಬಂದ ಬಗೆಯನ್ನು ಐಪ್ಯಾಡ್‌ನಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಾಗಿ ಬಿಡಿಸಿದರು. ಅಲ್ಲಿನ ಒಂದು ವರ್ಷದ ಋತುಗಳನ್ನು ಜೋಡಿಸಿದ ಸುಮಾರು 90 ಮೀಟರ್ ಉದ್ದದ ಚಿತ್ರ 2021ರಲ್ಲಿ ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡಿತು. ಮೋನೆಯ ದೊಡ್ಡ ನೈದಿಲೆ ಚಿತ್ರಗಳಿರುವುದೂ ಅಲ್ಲೇ. ಯಾವ ಬಣ್ಣ, ಎಲ್ಲಿ, ಎಷ್ಟು ಎಂದು ಪ್ರತಿ ಗೀಟಿಗೂ ತೀರ್ಮಾನಿಸಿದವರು ಹಾಕ್ನಿ, ಯಂತ್ರವಲ್ಲ.

ಸ್ಕ್ರೀನಿಗೆ ಒಂದು ಅನುಕೂಲವೂ ಇದೆ. ಹಳದಿ ಬಣ್ಣದ ಚಿತ್ರ ತೆರೆದು ಅದರ ಮೇಲೆ ಸಣ್ಣ ನೀರಿನ ಹನಿ ಇಟ್ಟು ನೋಡಿ. ಕೆಂಪು, ಹಸಿರು ಚುಕ್ಕಿಗಳು ಕಾಣುತ್ತವೆ; ಹಳದಿ ಚುಕ್ಕಿ ಇರುವುದೇ ಇಲ್ಲ. ಎರಡು ಬೆಳಕು ಕೂಡಿದ್ದನ್ನು ನಾವು ಹಳದಿ ಎಂದು ಕಾಣುತ್ತೇವೆ. ಪೇಂಟ್ ಬೆರೆಸಿದಷ್ಟೂ ಮಂಕಾಗುತ್ತದೆ, ಬೆಳಕು ಬೆರೆತಷ್ಟೂ ಪ್ರಖರವಾಗುತ್ತದೆ.

ನೀವೂ ಮಾಡಿ ನೋಡಬಹುದು. ಉಚಿತ ಡ್ರಾಯಿಂಗ್ ಆ್ಯಪ್ ಸಾಕು. ರಾಯಚೂರು ಕೋಟೆಯ ಗೋಡೆಯೋ ದೇವದುರ್ಗದ ಹತ್ತಿ ಹೊಲವೋ, ಒಂದೇ ಜಾಗದಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಡಿಸಿ. ಮಧ್ಯಾಹ್ನ ಮಾತ್ರ ಬೇವಿನ ನೆರಳಲ್ಲಿ ಕೂಡಿ. ನಮ್ಮ ಬಿಸಿಲಿಗೆ ಫೋನ್ ಕಾದರೆ ಸ್ಕ್ರೀನ್ ತಾನೇ ಮಂಕಾಗುತ್ತದೆ, ಆಗ ನೀವು ಆರಿಸುವ ಬಣ್ಣವೆಲ್ಲ ತಪ್ಪುತ್ತದೆ.